ಪಾರಿವಾಳ ಓಡಿಸಿದ ಸಿ.ಡಿ.

ನನ್ನ ಕೈಬರಹ ಚೆನ್ನಾಗಿಲ್ಲ, ಕಾಗುಣಿತವೂ ಅಷ್ಟಕ್ಕಷ್ಟೇ. ಐದನೇ ಕ್ಲಾಸಿನವರೆಗೆ ಮಾತ್ರ ಓದಿದವಳು. ಬರೆದ ಹಾಳೆಯ ಫೋಟೋವನ್ನೇ ಹಾಕುತ್ತಿದ್ದೇನೆ, ಕ್ಷಮಿಸಿ.

ನಿನ್ನೆ ಇಲ್ಲಿ ಕುವೈತಿನ ಜಾಬ್ರಿಯಾದಲ್ಲಿ ಯಾರದೋ ಬಾಲ್ಕನಿಯಲ್ಲಿ ದಾರಕ್ಕೆ ಕಟ್ಟಿದ ಸಿ.ಡಿ. ಬಿಸಿಲಿಗೆ ಮಿರುಗುತ್ತಿತ್ತು. ನನಗೆ ಹಳೆಯ ಸಿಟ್ಟು ನೆತ್ತಿಗೇರಿತು.

ಅಪ್ಪ ಫಿನ್‌ಲೆಂಡಿನ ಇಂಜಿನಿಯರೊಬ್ಬರಿಗೆ ಡ್ರೈವರ್ ಆಗಿದ್ದರು. ಆ ಇಂಜಿನಿಯರ್ ಊರಿಗೆ ಮರಳುವಾಗ ತಮ್ಮ ದೇಶದ ರಾಕ್ ಬ್ಯಾಂಡೊಂದರ ಆಲ್ಬಮ್ಮಿನ ಸಿ.ಡಿ. ನನಗೆ ಕೊಟ್ಟರು. ಆ ಹುಡುಗರು ಜಗತ್ತಿಗೆಲ್ಲ ಗೊತ್ತಾದದ್ದು ಅದರಿಂದಲೇ ಅಂತೆ. ಶಾಲೆ ಬಿಡಿಸಿ, ಸೋದರತ್ತೆಯ ಮಕ್ಕಳನ್ನು ನೋಡಿಕೊಳ್ಳಲು ನನ್ನನ್ನು ಅವರ ಮನೆಯಲ್ಲಿ ಬಿಟ್ಟಾಗ ನನ್ನದೆಂದು ಇದ್ದದ್ದು ಅದೊಂದೇ. ಪದ ಒಂದೂ ತಿಳಿಯದಿದ್ದರೂ ಆ ಗಿಟಾರ್ ನನ್ನ ಪರವಾಗಿ ಜಗಳವಾಡುತ್ತಿದೆ ಅನಿಸುತ್ತಿತ್ತು.

ಒಂದು ದಿನ ನೋಡಿದರೆ ಅತ್ತೆ ಅದನ್ನು ಬಾಲ್ಕನಿಯಲ್ಲಿ ನೇತುಹಾಕಿದ್ದರು.

"ಅತ್ತೆ, ಅದು ನನ್ನದು."

"ಎಂತ ಬೊಬ್ಬೆ ಮಾರಾಯ್ತಿ ಅದು! ಪಾರಿವಾಳಗಳಾದರೂ ಹೆದರಿ ಓಡಲಿ."

ಎಲ್ಲರೂ ನಕ್ಕರು. ಬಿಸಿಲಿಗೂ ಧೂಳಿಗೂ ಅದರ ಹಾಡೆಲ್ಲ ಅಳಿಸಿಹೋಯಿತು.

ಅತ್ತೆ ಈಗಲೂ ಅದೇ ಫ್ಲ್ಯಾಟಿನಲ್ಲಿದ್ದಾರೆ. ದಿನಾ ಎದ್ದು ಮೊದಲು ತೊಳೆಯುವುದು ಆ ಬಾಲ್ಕನಿಯನ್ನೇ; ಪಾರಿವಾಳದ ಹಿಕ್ಕೆ ಕಂಡರೆ ಅವರಿಗೆ ಆಗದು. ಇವತ್ತು ಬೆಳಿಗ್ಗೆ ಅವರನ್ನು ನೋಡಿಕೊಂಡು ಬರಲು ಹೋಗಿದ್ದೆ. ಅವರು ಒಳಗೆ ನನಗಾಗಿ ಚಹಾ ಸೋಸುತ್ತಿದ್ದಾಗ, ಒದ್ದೆ ಆರದ ಬಾಲ್ಕನಿಯ ತುಂಬ ಎರಡು ಹಿಡಿ ಅಕ್ಕಿ ಚೆಲ್ಲಿ ಬಂದೆ.