ಹಡಗಿನ ಮುಖ ಯಾವುದು

ಗಂಗಾವತಿಯ ನನ್ನ ಸೈಬರ್ ಕೆಫೆಗೆ ರೈಸ್‌ಮಿಲ್ಲಿನ ಫಿಟರ್ ಒಬ್ಬರು ಊಟದ ಬಿಡುವಿನಲ್ಲಿ ಬರುತ್ತಿದ್ದರು. ಅಂತರಿಕ್ಷದ ಹಡಗು ಕಟ್ಟಿ, ಬೇಕಾದ ಕಡೆ ತೋಪು ಕೂಡಿಸಿ ಕಾದಾಡುವ ಆಟಕ್ಕೆ ಮರುಳಾಗಿದ್ದರು. ಪ್ರತಿ ತೋಪನ್ನೂ ಪರದೆಯ ಮೇಲೇ ತಡವಿ ಕೇಳುತ್ತಿದ್ದರು: "ತಮ್ಮಾ, ಬಾಯಿ ಐತಿ, ಹೊಟ್ಟಿ ಎಲ್ಲೈತಿ? ಗುಂಡು ಎಲ್ಲಿಂದ ಇಳೀತೈತಿ?" ಗುಂಡು ತುಂಬುವ ಹೊಟ್ಟೆಯಿಲ್ಲದ ತೋಪು ಎಷ್ಟು ಚಂದವಿದ್ದರೂ ಅವರಿಗೆ ಬೇಡ.

ಒಂದು ದಿನ ಪಂದ್ಯ ಕಟ್ಟಿದೆವು. ಸೋತವರು ಗೆದ್ದವರನ್ನು ಕೆಫೆಗೆಲ್ಲ ಕೇಳುವಂತೆ 'ಮೇಸ್ತ್ರಿ' ಅನ್ನಬೇಕು. ಅಲ್ಲಿಯವರೆಗೆ ನನ್ನನ್ನು ಯಾರೂ ಸೋಲಿಸಿರಲಿಲ್ಲ. ನನ್ನ ಪಡೆ ಕಂಡದ್ದೇ ಅವರ ಹಡಗುಗಳು ತಿರುಗಿ ಓಡಿದವು. ನಾನು ಕೇಕೆ ಹಾಕಿ ಬೆನ್ನಟ್ಟಿದೆ. ಅವುಗಳ ಬೆನ್ನಿನಿಂದ ಅಷ್ಟೂ ತೋಪು ಒಮ್ಮೆಲೇ ಹಾರಿ, ನನ್ನ ಪಡೆ ಭತ್ತದ ಹೊಟ್ಟಿನಂತೆ ಚೆದುರಿತು.

"ಅಣ್ಣಾರ, ತೋಪೆಲ್ಲಾ ಹಿಂದ ಯಾಕ ಕೂಡಿಸೀರಿ?"

"ಹಿಂದ? ನಾಕು ಕೊಳವಿ ಬೆಂಕಿ ಉಗುಳಾಕತ್ತಾವು, ನಮ್ಮ ಮಿಲ್ಲಿನಾಗ ಹೊಟ್ಟು ಹಾರಸೋ ಬ್ಲೋವರ್ ಇದ್ದಂಗ. ಅದ ಮುಖ ಅಂತ ನಿನ್ನ ಕಡೆ ತಿರುವಿದೆ."

"ಅವು ಇಂಜಿನ್ ರೀ. ನೀವು ಓಡಿಹೋಗಾಕತ್ತಿದ್ರಿ."

ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ಕುರ್ಚಿ ನನ್ನ ಕಡೆ ತಿರುಗಿಸಿ ಅಂದರು:

"ಇರ್ಲಿ ಬಿಡು. ಓಡಿಹೋದಾಂವನ್ನ ಈಗ ಏನಂತ ಕರೀತಿ, ಜೋರಾಗಿ ಕರಿ."