ನಳಿನತ್ತೆ ಪಾಠ ಮಾಡಿದ ಕೊಳದ ಹೆಣ್ಣು

ದಟ್ಟಗಳ್ಳಿಯ ನಮ್ಮ ಈಗಿನ ಮನೆಯ ಪಕ್ಕದಲ್ಲಿ ಯಾರಾದರೂ ಕೂಸಿಗೆ ದೃಷ್ಟಿ ತೆಗೆದು ಒಣಮೆಣಸಿನಕಾಯಿಯನ್ನು ಕೆಂಡಕ್ಕೆ ಹಾಕಿದರೆ ಸಾಕು, ಆ ಘಾಟಿಗೆ ಕೆಮ್ಮು ಬರುವ ಮೊದಲೇ ಕೃಷ್ಣಮೂರ್ತಿಪುರದ ನಮ್ಮ ಹಳೆಯ ನಡುಮನೆ ಕಣ್ಣೆದುರು ಬಂದು ನಿಲ್ಲುತ್ತದೆ. ಬರಿಗಾಲಿಗೆ ತಣ್ಣಗೆ ತಾಕುವ ಕೆಂಪು ಗಾರೆಯ ನೆಲ, ಗೋಡೆಗೆ ಒರಗಿಸಿದ ಕರಿಹಲಗೆ, ಅದರ ಮುಂದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ನಳಿನತ್ತೆ. ಅವರು ನನ್ನ ತಂದೆಯ ತಂಗಿ, ಕಾಲೇಜಿನಲ್ಲಿ ಇಂಗ್ಲಿಷ್ ಮೇಡಂ. ಆ ಮನೆ ಈಗಿಲ್ಲ, ಅತ್ತೆಯೂ ಇಲ್ಲ. ನಿಮಗೂ ಹೀಗೆ ವಾಸನೆಯಲ್ಲಿ ಮಾತ್ರ ಉಳಿದುಕೊಂಡ ಮನೆಯೊಂದಿದ್ದರೆ ನನ್ನ ಸಂಕಟ ತಿಳಿದೀತು.

ಸಂಜೆ ಬಿ.ಎ. ಓದುವ ಹುಡುಗಿಯರು ಅತ್ತೆಯ ಬಳಿ ಪಾಠಕ್ಕೆ ಬರುತ್ತಿದ್ದರು. ಅವರ ಪಠ್ಯದಲ್ಲಿ ಇಂಗ್ಲಿಷಿನ ಒಂದು ಹಳೆಯ ಕಥನಗೀತೆಯಿತ್ತು. ಕುರಿ ಕಾಯುವವನೊಬ್ಬ ಕೊಳದ ದಂಡೆಯಲ್ಲಿ ಹಾಡುವ ಹೆಣ್ಣಿಗೆ ಮರುಳಾಗಿ, ಮನೆ ಮಂದೆ ಎಲ್ಲ ಮರೆತು, ಅವಳು ಮತ್ತೆ ಬಂದಾಳೆಂದು ಕಾಯುತ್ತಲೇ ಸಾಯುವ ಕಥೆ. "ಮಾಟ ಮಾಡಿ ಕೊಂದ್ಬುಟ್ಳು ಮೇಡಂ" ಎಂದು ಹುಡುಗಿಯರು ಹೇಳಿದರೆ ಅತ್ತೆ ಒಪ್ಪುತ್ತಿರಲಿಲ್ಲ. "ಅವಳು ಹಾಡಿದಳು, ಅಷ್ಟೇ ಕಣ್ರಮ್ಮ. ಮಾಟ ಅಂದೋರು ಊರಿನೋರು. ತಮಗೆ ಅರ್ಥವಾಗದ ಪ್ರೀತಿಗೆ ಜನ ಇಟ್ಟ ಹೆಸರು ಅದು."

ಅದೇ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದ ಸಿದ್ದರಾಜು ಮೇಷ್ಟ್ರು ದಲಿತರೇ ಹೆಚ್ಚಾಗಿರುವ ಅಶೋಕಪುರಂನವರು, ಅವರೂ ದಲಿತರೇ. ಭಾನುವಾರ ಬಂದರೆ ನಮ್ಮ ಜಗಲಿಯ ಮೇಲೆ ಕೂತು ಅತ್ತೆಯೊಡನೆ ಇದೇ ಪದ್ಯದ ಬಗ್ಗೆ ವಾದಿಸುತ್ತಿದ್ದರು. ಒಮ್ಮೆ ಅವರು ಮೆಲ್ಲಗೆ, "ನೀವು ಹೇಳೋದು ಸರಿ ಇರ್ಬೋದು ಮೇಡಂ. ಆದ್ರೆ ಅವಳೂ ಕೊಳ ಬಿಟ್ಟು ಒಂದ್ ಹೆಜ್ಜೆ ಈಚೆಗೆ ಬರ್ಬೋದಿತ್ತಲ್ವಾ?" ಎಂದರು. ಅತ್ತೆ ಎದ್ದುಹೋಗಿ ಅಂಗಳದ ದಾಸವಾಳದ ಒಣಗಿದ ಎಲೆಗಳನ್ನು ಒಂದೊಂದಾಗಿ ಕಿತ್ತರು.

ಆಮೇಲೊಂದು ದಿನ ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ತಮ್ಮ ತಾಯಿಯೊಡನೆ ಹೆಣ್ಣು ಕೇಳಲು ಬಂದರು. ಆ ತಾಯಿಯ ಕೈಯಲ್ಲಿ ಹೂವು, ಬಾಳೆಹಣ್ಣು ಇಟ್ಟ ತಟ್ಟೆಯಿತ್ತು. ಅಜ್ಜಿ ಒಳಗಿನಿಂದ ಹೊರಗೆ ಬರಲಿಲ್ಲ. ಅಪ್ಪ ಬಾಗಿಲಲ್ಲೇ ನಿಂತು, "ಅಮ್ಮನಿಗೆ ಹುಷಾರಿಲ್ಲ, ಇನ್ನೊಂದ್ಸಲ ಬನ್ನಿ" ಎಂದರು. ಕೂರಿ ಎನ್ನಲಿಲ್ಲ. ಆಕೆ ತಟ್ಟೆ ಹಿಡಿದುಕೊಂಡೇ ಬಿಸಿಲಲ್ಲಿ ಸ್ವಲ್ಪ ಹೊತ್ತು ನಿಂತು, ಮಗನ ತೋಳು ಮುಟ್ಟಿ, "ನಡಿಯಪ್ಪ" ಎಂದರು.

ಅವರು ಗೇಟು ದಾಟಿದ್ದೇ ತಡ, ಅಜ್ಜಿ ಎದೆ ಬಡಿದುಕೊಂಡರು. "ನನ್ನ ಮಗಳಿಗೆ ಮಾಟ ಮಾಡ್ಸಿದಾನೆ!" ಅತ್ತೆಯನ್ನು ನಡುಮನೆಯಲ್ಲಿ ಕೂರಿಸಿ ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದರು. ದೃಷ್ಟಿಯೋ ಮಾಟವೋ ತಗುಲಿದ್ದರೆ ಘಾಟು ಏಳುವುದಿಲ್ಲವೆಂಬುದು ನಮ್ಮ ಮನೆಯ ನಂಬಿಕೆ. ಅಂದು ಎದ್ದ ಘಾಟಿಗೆ ನಾವೆಲ್ಲ ಕೆಮ್ಮಿ ಕೆಮ್ಮಿ ಹೊರಗೋಡಿದೆವು. ಅತ್ತೆ ಮಾತ್ರ ಕದಲದೆ, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಶಾಂತವಾಗಿ, "ನೋಡಮ್ಮ, ಘಾಟು ಬಂತು. ಯಾರ ಮಾಟಾನೂ ಇಲ್ಲ. ಇದು ನಾನೇ" ಎಂದರು. "ಹಾಗಾದ್ರೆ ನನ್ನ ಹೆಣ ದಾಟ್ಕೊಂಡು ಹೋಗು" ಎಂದರು ಅಜ್ಜಿ.

ಅತ್ತೆ ಹೋಗಲಿಲ್ಲ. ಮೇಷ್ಟ್ರು ಕೊಳ್ಳೇಗಾಲಕ್ಕೆ ವರ್ಗ ಮಾಡಿಸಿಕೊಂಡರು. ಮದುವೆಯಾಗಲಿಲ್ಲ. ಕೆಲವು ವರ್ಷಗಳಲ್ಲೇ ಕಾಮಾಲೆ ತಿರುಗಿ ತೀರಿಕೊಂಡರು. ಅತ್ತೆ ಯಾರನ್ನೂ ಕೇಳದೆ ಬೆಳಗಿನ ಬಸ್ಸಿಗೆ ಹೋಗಿ ಮಣ್ಣು ಹಾಕಿ ಬಂದು, ಸಂಜೆ ಎಂದಿನಂತೆ ಪಾಠಕ್ಕೆ ಕೂತರು. ಆ ಪದ್ಯವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಅರ್ಥ ಹೇಳಲಿಲ್ಲ.

ಹಳೆಯ ಮನೆ ಮಾರಿ ದಟ್ಟಗಳ್ಳಿಗೆ ಬಂದ ಮೇಲೆ ಅಜ್ಜಿಗೆ ಮರೆವು ಕವಿಯಿತು. ನನ್ನನ್ನು ಮರೆತರು, ಅಪ್ಪ ಹೋದದ್ದನ್ನೂ ಮರೆತರು. ತುತ್ತು ಕಲಸಿ ತಿನ್ನಿಸುತ್ತಿದ್ದವರು ಅತ್ತೆಯೇ. ಒಂದು ಮಧ್ಯಾಹ್ನ ಅಜ್ಜಿ ಮಗಳ ಮುಖವನ್ನು ದಿಟ್ಟಿಸಿ ಕೇಳಿದರು.

"ನಿನಗೆ ಮದುವೆ ಆಯ್ತೇನೇ?"

"ಆಯ್ತು ಕಣಮ್ಮ."

"ಒಳ್ಳೆಯವನಾ?"

"ತುಂಬಾ ಒಳ್ಳೆಯವರು."

"ಮತ್ತೆ ಒಂದ್ಸಲಾನಾದ್ರೂ ಮನೆಗೆ ಕರ್ಕೊಂಡು ಬರ್ಬಾರ್ದಾ? ನಾನು ನೋಡೋದು ಬೇಡ್ವಾ?"

ಅತ್ತೆ ಅಜ್ಜಿಯ ತುಟಿಯಂಚಿನ ಅನ್ನದ ಅಗುಳನ್ನು ಸೆರಗಿನಿಂದ ಒರೆಸಿದರು.

"ಬಂದಿದ್ರು ಕಣಮ್ಮ" ಎಂದರು.