ಹದಿನೈದು ಪರ್ಸೆಂಟಿನ ಗೆರೆ

ನನಗೊಂದು ಕೆಟ್ಟ ಚಟವಿದೆ: ನನಗೆ ಮತವೇ ಇಲ್ಲದ ದೇಶದ ಚುನಾವಣೆ ನೋಡುವುದು. 2016ರಲ್ಲಿ ಅದು ಹುಚ್ಚಿಗೆ ತಿರುಗಿತು. ಅಮೆರಿಕದ ಮಂಗಳವಾರ ರಾತ್ರಿ ನ್ಯೂಜಿಲೆಂಡಿನಲ್ಲಿರುವ ನಮಗೆ ಬುಧವಾರ ಮಧ್ಯಾಹ್ನದ ಊಟದ ಹೊತ್ತು. ಆಕ್ಲೆಂಡ್‌ನ ಮನುಕಾವ್ ಬಡಾವಣೆಯಲ್ಲಿ ನಾನು ಕೆಲಸ ಮಾಡುವ ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಮೊಸರನ್ನದ ಡಬ್ಬಿ ತೆರೆದಿಟ್ಟು, ಕಂಡು ಕೇಳರಿಯದ ರಾಜ್ಯಗಳ ಡೆಲಿಗೇಟ್‌ಗಳು ಯಾರ ಪಾಲಾದರೆಂದು ಫೋನಿನಲ್ಲಿ ನೋಡುತ್ತ ಕೂರುತ್ತಿದ್ದೆ.

ಡೆಲಿಗೇಟ್ ಎಂದರೆ ಮತದಾರನಿಗೂ ಅಭ್ಯರ್ಥಿಗೂ ನಡುವಿನ ಮದುವೆ ದಲ್ಲಾಳಿ. ಜನ ಹಾಕಿದ ಮತ ನೋಡಿ ಅಭ್ಯರ್ಥಿಗಳಿಗೆ ಡೆಲಿಗೇಟ್‌ಗಳನ್ನು ಹಂಚುತ್ತಾರೆ. ಕೊನೆಗೆ ಆ ಡೆಲಿಗೇಟ್‌ಗಳು ಸಭೆ ಸೇರಿ ಪಕ್ಷದ ಹುರಿಯಾಳನ್ನು ಆರಿಸುತ್ತಾರೆ. ಒಂದು ಪಕ್ಷ ಕೆಲವು ರಾಜ್ಯಗಳಲ್ಲಿ ಗೆದ್ದವನೊಬ್ಬನಿಗೇ ಎಲ್ಲವನ್ನೂ ಬಡಿಸಿಬಿಡುತ್ತದೆ. ಇನ್ನೊಂದು ಪಕ್ಷ ಪಾಲು ಮಾಡಿ ಬಡಿಸುತ್ತದೆ, ಆದರೆ ಹದಿನೈದು ಪರ್ಸೆಂಟ್ ಮತ ಬಾರದವನಿಗೆ ಎಲೆಯನ್ನೇ ಹಾಕುವುದಿಲ್ಲ. ನಮ್ಮ ನ್ಯೂಜಿಲೆಂಡ್ ಸಂಸತ್ತಿಗೂ ಐದು ಪರ್ಸೆಂಟಿನ ಗೆರೆಯೊಂದಿದೆ. ಅದರ ಕೆಳಗೆ ಉಳಿದವರ ಬಗ್ಗೆ ನಾನು ಎಂದೂ ತಲೆ ಕೆಡಿಸಿಕೊಂಡವನಲ್ಲ.

ನಮ್ಮ ಕನ್ನಡ ಕೂಟದಲ್ಲಿ ಅಲ್ಲಿಯವರೆಗೆ ಚುನಾವಣೆಯೇ ಇರಲಿಲ್ಲ. ಯುಗಾದಿ ಊಟವಾದ ಮೇಲೆ ಕೊನೆಯತನಕ ನಿಂತು ಬಿಸಿಬೇಳೆಬಾತಿನ ದೊಡ್ಡ ಪಾತ್ರೆ ತೊಳೆದವರೇ ಮುಂದಿನ ಅಧ್ಯಕ್ಷರು. ಅವರು "ಬೇಡ, ಬೇಡ" ಅನ್ನಬೇಕು, ನಾವು "ನೀವೇ ಆಗ್ಬೇಕು" ಅನ್ನಬೇಕು, ಮುಗಿಯಿತು. ಆ ವರ್ಷ ಮಾತ್ರ ಪಾತ್ರೆ ಮುಟ್ಟದೆಯೇ ಇಬ್ಬರು ಎದ್ದು ನಿಂತರು. ನಮ್ಮೂರಿನದೇ ಆಲ್ಬನಿ ಬಡಾವಣೆಯ ಸಾಫ್ಟ್‌ವೇರ್ ಮಹಾಶಯರಿಗೆ ಶನಿವಾರ ಕೂಟದ ಹಾಲ್‌ನಲ್ಲಿ ಬ್ಯಾಡ್ಮಿಂಟನ್ ಆಗಬೇಕು; ಮನುಕಾವ್‌ನ ಎಂಜಿನಿಯರ್‌ಗೆ ಡ್ಯಾನ್ಸ್ ಪ್ರಾಕ್ಟೀಸ್. ಅದೇ ಹಾಲ್‌ನಲ್ಲಿ ಶನಿವಾರ ನಮ್ಮ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದ ಶಾರದಾ ಆಂಟಿ, ಕ್ಲಾಸ್ ಉಳಿಯಲಿ ಎಂದು ತಾವೂ ನಿಂತರು.

ಆಗ ಈ ಪಂಡಿತನ ಬಾಯಿ ಸುಮ್ಮನಿರಲಿಲ್ಲ. ಬಡಾವಣೆಗಿಷ್ಟು ಡೆಲಿಗೇಟ್‌ಗಳು, ಹದಿನೈದು ಪರ್ಸೆಂಟಿನ ಗೆರೆ, ಕೊನೆಯ ಸಭೆಯಲ್ಲಿ ಡೆಲಿಗೇಟ್‌ಗಳಿಗೆ ಮಾತ್ರ ಮಾತು ಎಂದು ಪಾಠ ಒಪ್ಪಿಸಿದೆ. "ಸೂಪರ್ ಐಡಿಯಾ ಸಾರ್!" ಎಂದರು ಎಲ್ಲರೂ. ನಾನು ಉಬ್ಬಿಹೋದೆ.

ಮಕ್ಕಳನ್ನು ಕ್ಲಾಸಿಗೆ ಕಳಿಸುವವರು ಊರೆಲ್ಲ ಚದುರಿದ್ದರು, ಪ್ರತಿ ಬಡಾವಣೆಯಲ್ಲೂ ಬೆರಳೆಣಿಕೆಯಷ್ಟು. ಆಂಟಿಗೆ ಎಲ್ಲ ಕಡೆಯೂ ಮತ ಬಿತ್ತು, ಎಲ್ಲ ಕಡೆಯೂ ಗೆರೆಯ ಕೆಳಗೇ ಬಿತ್ತು. ಒಬ್ಬ ಡೆಲಿಗೇಟೂ ಸಿಗಲಿಲ್ಲ. ಕೊನೆಯ ಸಭೆಯಲ್ಲಿ ಇಬ್ಬರು ಅಭ್ಯರ್ಥಿಗಳ ಕಡೆಯವರೂ ಕೈಕುಲುಕಿ ಶನಿವಾರವನ್ನು ಹಂಚಿಕೊಂಡರು: ಬೆಳಗ್ಗೆ ಬ್ಯಾಡ್ಮಿಂಟನ್, ಮಧ್ಯಾಹ್ನ ಡ್ಯಾನ್ಸ್. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನುತ್ತಾರೆ. ನಮ್ಮಲ್ಲಿ ಅವರ ರಾಜಿಯಲ್ಲೇ ಬಡವಾಯಿತು.

ಹಿಂದೆ ನಿಂತಿದ್ದ ನಾನು "ಮಕ್ಕಳ ಕ್ಲಾಸ್ ಏನಾಯ್ತ್ರೀ?" ಎಂದು ಬಾಯಿ ತೆರೆದೆ.

"ನಿಮ್ದೇ ರೂಲ್ ಅಲ್ವಾ ಸಾರ್? ಡೆಲಿಗೇಟ್ಸ್ ಮಾತ್ರ ಮಾತಾಡ್ಬೇಕು," ಎಂದರು ಎಂಜಿನಿಯರ್, ಬಹಳ ಮರ್ಯಾದೆಯಿಂದ.

ಹಳೆಯ ಕಾಲದಲ್ಲಿ ಪಾತ್ರೆ ತೊಳೆಯುವ ಕಡೆ ಯಾರೋ ಒಬ್ಬ ತಾಯಿ ಇಷ್ಟು ಗೊಣಗಿದ್ದರೂ ಸಾಕಿತ್ತು, ಕ್ಲಾಸ್ ಉಳಿಯುತ್ತಿತ್ತು. ಬೇರೆ ಹಾಲ್ ಹುಡುಕಿದೆವು, ಸಿಗಲಿಲ್ಲ. ಆಂಟಿ ಕ್ರೈಸ್ಟ್‌ಚರ್ಚ್‌ಗೆ ಮಗಳ ಮನೆಗೆ ಹೊರಟುಬಿಟ್ಟರು. "ಶನಿವಾರ ಇಲ್ಲಿ ಇನ್ನೇನಿದೆಯಪ್ಪಾ ನಂಗೆ?" ಅಂದರು. ನನ್ನ ಮಗಳ ಕಾಗುಣಿತ ಅರ್ಧಕ್ಕೇ ನಿಂತಿದೆ. ಅದನ್ನು ಮುಂದುವರಿಸುವ ಶಕ್ತಿ ನನಗಿಲ್ಲ. ನಾನು ಒಂದು ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಇನ್ನೊಂದು ಹೇಳುತ್ತಾಳೆ, ಇಬ್ಬರಿಗೂ ಸಾಕಾಗಿಹೋಗುತ್ತದೆ.

ಮರುವರ್ಷದ ಯುಗಾದಿಯಲ್ಲಿ ಊಟವಾದದ್ದೇ ಎಲ್ಲರೂ ಕಾರು ಹತ್ತಿದರು. ಅಧ್ಯಕ್ಷರಾಗಲು ಈಗ ಪಾತ್ರೆ ತೊಳೆಯಬೇಕಿಲ್ಲವಲ್ಲ. ನಾನು ತಳ ಹಿಡಿದಿದ್ದನ್ನು ಉಜ್ಜುತ್ತಿದ್ದೆ, ಮಗಳು ಬಟ್ಟೆ ಹಿಡಿದು ನಿಂತಿದ್ದಳು.

"ಅಪ್ಪಾ, ಡಿಡ್ ಆಂಟಿ ಗೆಟ್ ಝೀರೋ?"

"ಇಲ್ಲ ಪುಟ್ಟಿ, ನಾವೆಲ್ಲ ಅವರಿಗೇ ಹಾಕಿದ್ವಲ್ಲ."

"ದೆನ್ ವೇರ್ ಡಿಡ್ ಇಟ್ ಗೋ?"

ಅರ್ಧ ಆಕ್ಲೆಂಡ್‌ಗೆ ಡೆಲಿಗೇಟ್ ಲೆಕ್ಕ ಬಿಡಿಸಿ ಹೇಳಿದ ನಾನು ಮತ್ತೆ ತಳ ಉಜ್ಜತೊಡಗಿದೆ. ಪಾತ್ರೆ ಬೋರಲು ಹಾಕಿ ತಲೆಯೆತ್ತಿದೆ. "ನೀವೇ ಆಗ್ಬೇಕು" ಅನ್ನಲು ಅಲ್ಲಿ ಯಾರೂ ಉಳಿದಿರಲಿಲ್ಲ.